ಕಾಳುಗಲ್ಲ ದಿಬ್ಬ

ಕಡ್ಲಿಕೊಪ್ಪದಿಂದ ನೆಲವಡಗಿಗೆ ಹೋಗುವ ದಾರಿಯಲ್ಲಿ, ಎರಡೂ ಊರಿನ ಎರೆಹೊಲಗಳು ಮುಗಿಯುವ ಕಡೆ ಒಂದು ಬೋಳು ದಿಬ್ಬವಿದೆ. ಗುಡ್ಡ ಎಂದು ಕರೆದರೆ ಗುಡ್ಡಗಳು ನಕ್ಕಾವು, ಅಷ್ಟೇ ಅದರ ಎತ್ತರ. ಸುತ್ತಲಿನ ನೆಲವೆಲ್ಲ ಕಾಡಿಗೆಯಂತೆ ಕಪ್ಪಾಗಿದ್ದರೂ ದಿಬ್ಬದ ಮೈ ಮಾತ್ರ ಬೆಳ್ಳಗೆ ಕಾಣುತ್ತದೆ. ಹತ್ತಿರ ಹೋದರೆ, ಜೋಳದ ಕಾಳಿಗಿಂತ ತುಸು ದಪ್ಪನಾದ ಬೆಣಚುಕಲ್ಲುಗಳು ಯಾರೋ ಮುಷ್ಟಿ ಮುಷ್ಟಿ ಚೆಲ್ಲಿದ ಹಾಗೆ ಹರಡಿಕೊಂಡಿವೆ. ಬಸ್ಸಿನ ಕಂಡಕ್ಟರು ‘ಕಾಳುಗಲ್ಲು ಯಾರ್ರೀ’ ಎಂದು ಕೂಗುತ್ತಾನೆ, ಇಳಿಯುವವರು ಕಡಿಮೆ. ಕಲ್ಲಿನ ವಿಷಯ ಓದಿಕೊಂಡವರು, ನೆಲದೊಳಗಿನ ಬೆಣಚಿನ ಪದರ ಒಡೆದು ಮೇಲೆ ಬಂದಿದೆ ಎನ್ನುತ್ತಾರೆ. ಇರಬಹುದು, ಓದಿದವರ ಸಂಗಡ ಜಗಳ ಯಾಕೆ? ಆದರೆ ಹೆಸರಿನ ಮಾತು ಬಂದರೆ ಕಡ್ಲಿಕೊಪ್ಪದ ಬಾಳವ್ವಜ್ಜಿಯ ಮನೆಗೇ ಹೋಗಬೇಕು. ಆ ಮನೆಯಲ್ಲಿ ಕೋಳಿ ಸಾಕುವ ಕೆಲಸದ ಜೊತೆಗೆ ಈ ಕಥೆಯೂ ಅತ್ತೆಯಿಂದ ಸೊಸೆಗೆ ಇಳಿದು ಬಂದಿದೆ. ಕೇಳುವವರು ಅವಸರ ಮಾಡಿದರೆ ಅಜ್ಜಿ ಕಥೆ ನಿಲ್ಲಿಸಿ ನುಚ್ಚು ಕೇರಲು ಕೂತುಬಿಡುತ್ತಾಳೆ.

ಹಿಂದೆ ಒಮ್ಮೆ, ಈ ಸೀಮೆಗೆ ಸಡಕಾಗಲಿ ದನದ ಆಸ್ಪತ್ರೆಯಾಗಲಿ ಬಂದಿರದ ಕಾಲದಲ್ಲಿ, ನೆಲವಡಗಿಯ ಹುಲಿಗೆವ್ವ ಎಂಬವಳು ಕಡ್ಲಿಕೊಪ್ಪದ ಇದೇ ಮನೆಗೆ ಸೊಸೆಯಾಗಿ ಬಂದಳು. ಆಗಿನ ಪದ್ಧತಿಯಂತೆ ಅವಳ ತಾಯಿ ಉಡಿ ತುಂಬಿ, ಬುಟ್ಟಿಯಲ್ಲಿ ಒಂದು ಹೇಂಟೆಯನ್ನು ಇಟ್ಟು ಕಳಿಸಿದ್ದಳು. ಆ ತಾಯಿಗೆ ಅದರ ತಳಿಯನ್ನು ಅವಳ ತಾಯಿ ಕೊಟ್ಟದ್ದು, ಆಕೆಗೆ ಅವಳ ತಾಯಿ. ಹೊಲ ಮನೆ ಗಂಡುಮಕ್ಕಳ ಪಾಲಿಗೆ ಹೋದರೆ, ಹೆಣ್ಣುಮಕ್ಕಳ ಪಾಲಿಗೆ ಬರುತ್ತಿದ್ದದ್ದು ಈ ಕೋಳಿಯೇ. ಹುಲಿಗೆವ್ವನ ತವರಿನದು ಬೋಳುಕುತ್ತಿಗೆಯ ತಳಿ. ಕುತ್ತಿಗೆಯಲ್ಲಿ ಹೆಸರಿಗೂ ಒಂದು ಪುಕ್ಕವಿಲ್ಲದೆ ಕೆಂಪಗೆ ಕಾಣುತ್ತಿದ್ದ ಆ ಕೋಳಿಯನ್ನು ನೋಡಿ ಅತ್ತೆ ಫಕೀರವ್ವ, “ನಿಮ್ಮವ್ವ ಅರ್ಧಾ ಸುಲಿದು ಕೊಟ್ಟಾಳೇನವಾ?” ಎಂದು ಚೇಷ್ಟೆ ಮಾಡಿದಳಂತೆ. ಸೊಸೆಗೂ ನಗು ಬಂತು. ಅತ್ತೆ ಸೊಸೆ ಹೊಂದಿಕೊಂಡದ್ದು ಆ ನಗುವಿನಿಂದಲೇ ಎಂದು ಮನೆಯವರು ಈಗಲೂ ಹೇಳುತ್ತಾರೆ.

ಆದರೆ ಹುಲಿಗೆವ್ವನ ಹಣೆಬರಹ ಬೇರೆಯೇ ಇತ್ತು. ಚೊಚ್ಚಲ ಹೆರಿಗೆಯ ವರ್ಷವೇ ಅವಳ ತಾಯಿ ತೀರಿಕೊಂಡಳು. ಮುಂದಿನ ಮಳೆಗಾಲದಲ್ಲಿ ಕಾಡುಬೆಕ್ಕು ಗೂಡಿಗೆ ನುಗ್ಗಿ, ತವರಿನ ಹೇಂಟೆಯನ್ನೂ ಅದರ ಮರಿಗಳನ್ನೂ ಒಂದೂ ಬಿಡದೆ ಮುಗಿಸಿತು. ಅತ್ತೆಯ ಕೋಳಿಗಳು ಬೇರೆ ಗೂಡಿನಲ್ಲಿದ್ದುದರಿಂದ ಉಳಿದುಕೊಂಡವು. ಫಕೀರವ್ವ ತನ್ನದೊಂದು ಹೇಂಟೆಯನ್ನು ಸೊಸೆಯ ಕೈಗೆ ಕೊಟ್ಟು ಸಮಾಧಾನ ಮಾಡಿದಳು. ಹುಲಿಗೆವ್ವ ಅದನ್ನು ಸಾಕಿದಳು, ಆದರೆ ಮನಸ್ಸು ಒಪ್ಪಲಿಲ್ಲ. ತಾಯಿ ಇದ್ದಳು ಎಂಬುದಕ್ಕೆ ಕೈಯಲ್ಲಿ ಹಿಡಿಯುವಂಥದ್ದು ಏನೂ ಉಳಿಯಲಿಲ್ಲವಲ್ಲ ಎಂಬ ಕೊರಗು ಅವಳನ್ನು ಒಳಗೇ ತಿನ್ನುತ್ತಿತ್ತು.

ಆಗ ಈ ಸೀಮೆಯಲ್ಲಿ ಇನ್ನೊಂದು ಪದ್ಧತಿಯಿತ್ತು. ಊರಿಗೆ ಬೇನೆ ಬಂದರೆ, ಅದು ಮನುಷ್ಯರಿಗಿರಲಿ ದನಕ್ಕಿರಲಿ ಕೋಳಿಗಿರಲಿ, ಅಮ್ಮ ಬಂದಿದ್ದಾಳೆ ಎಂದು ತಿಳಿದು ಅವಳನ್ನು ಗಡಿ ದಾಟಿಸುತ್ತಿದ್ದರು. ಜೀವಂತ ಹೇಂಟೆಯೊಂದಕ್ಕೆ ಅರಿಷಿಣ ಕುಂಕುಮ ಹಚ್ಚಿ, ಹಸಿರು ಬಳೆ ಬೇವಿನಸೊಪ್ಪಿನ ಸಂಗಡ ಮೊರದಲ್ಲಿ ಕೂರಿಸಿ, ಊರಗಡಿಯಲ್ಲಿ ಬಿಟ್ಟು ಹಿಂದೆ ನೋಡದೆ ಬರುವುದು. ಆಚೆ ಊರಿನವರು ಅದನ್ನು ತಮ್ಮ ಊರೊಳಗೆ ತಾರದೆ ಹೊಲದ ಅಂಚಿನಲ್ಲೇ ಹೊತ್ತು, ಮುಂದಿನ ಗಡಿಗೆ ಮುಟ್ಟಿಸುವುದು. ಹಾಗೆ ಬಿಟ್ಟ ಕೋಳಿಯನ್ನು ಯಾರೂ ಮನೆಗೆ ಒಯ್ಯುವಂತಿಲ್ಲ. ತಮ್ಮ ಬೇನೆಯನ್ನು ಇನ್ನೊಬ್ಬರ ಬಾಗಿಲಿಗೆ ಸರಿಸುವುದು ಧರ್ಮವೋ ಅಲ್ಲವೋ, ಆಗಿನವರು ಆ ವಿಚಾರ ಮಾಡಿದಂತೆ ಕಾಣುವುದಿಲ್ಲ.

ಒಂದು ದಿನ ಹುಲಿಗೆವ್ವ ಕುಳ್ಳಿಗೆಂದು ಸಗಣಿ ಆಯುತ್ತ ಈ ದಿಬ್ಬದ ಮೇಲೆ ಬಂದಾಗ, ನೆಲವಡಗಿಯ ಕಡೆಯವರು ಬಿಟ್ಟುಹೋದ ಮೊರ ಕಣ್ಣಿಗೆ ಬಿತ್ತು. ಮೊರದ ಪಕ್ಕದಲ್ಲಿ ಅರಿಷಿಣ ಬಳಿದ ಕೋಳಿ ನಿಂತಿತ್ತು. ಕುತ್ತಿಗೆ ಬೋಳು. ನೆಲವಡಗಿಯಲ್ಲಿ ಆ ತಳಿ ಇದ್ದದ್ದು ಒಂದೇ ಮನೆಯಲ್ಲಿ. ತಾಯಿ ಸತ್ತ ಮೇಲೆ ಅಣ್ಣನ ಹೆಂಡತಿ ಅದನ್ನೇ ಊರವರ ಕೈಗೆ ಕೊಟ್ಟಿದ್ದಳು. ಹುಲಿಗೆವ್ವ ಮಣ್ಣಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು, ತಾಯಿ ಕರೆಯುತ್ತಿದ್ದ ದನಿಯಲ್ಲೇ “ಬಾ ಬಾ ಬಾ” ಎಂದಳು. ಕೋಳಿ ಓಡಿ ಬಂದು ಅವಳ ಬರಿಗೈಯನ್ನು ಕುಟುಕಿತು. ಪದ್ಧತಿ ಅವಳಿಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ, ಚೆನ್ನಾಗಿಯೇ ಗೊತ್ತಿತ್ತು. ಆದರೂ ತಾಯಿಯ ಕೈಯ ಕಾಳು ತಿಂದ ಜೀವವನ್ನು ಅಲ್ಲಿ ಬಿಟ್ಟು ಬರಲು ಅವಳಿಂದ ಆಗಲಿಲ್ಲ. ಹಳ್ಳದಲ್ಲಿ ಅರಿಷಿಣ ತೊಳೆದು, ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ತಂದಳು. ಅಣ್ಣ ಕಳಿಸಿದ್ದಾನೆ ಎಂದು ಅತ್ತೆಗೆ ಸುಳ್ಳು ಹೇಳಿದಳು.

ಕೆಲವು ದಿನ ಅವಳಷ್ಟು ಸುಖಿ ಊರಲ್ಲಿ ಇನ್ನೊಬ್ಬಳಿರಲಿಲ್ಲ. ಆಮೇಲೆ ಫಕೀರವ್ವನ ಹುಂಜ ಕೂಗುವುದನ್ನು ಬಿಟ್ಟಿತು. ಮರುದಿನ ಅದು ಕುತ್ತಿಗೆ ತಿರುಚಿಕೊಂಡು ಬಿದ್ದಿತ್ತು. ಕಾವಿಗೆ ಕೂತ ಹೇಂಟೆ ಮೊಟ್ಟೆಯ ಮೇಲೇ ತೂಕಡಿಸುತ್ತ ಸತ್ತಿತು. ಪಕ್ಕದ ಮನೆ, ಅದರ ಪಕ್ಕದ ಮನೆ, ಕೊನೆಗೆ ಓಣಿ ಓಣಿ. ಹೆಂಗಸರು ಬೇವು ಅರೆದು ಕುಡಿಸಿದರು, ಬೂದಿ ಎರಚಿದರು, ದ್ಯಾಮವ್ವನಿಗೆ ಹರಕೆ ಹೊತ್ತರು. ಯಾವುದೂ ನಾಟಲಿಲ್ಲ. ಹುಲಿಗೆವ್ವ ಬೇರೆಯವರ ಮನೆಗೂ ಹೋಗಿ ಬಾಗಿದ ಕುತ್ತಿಗೆಗಳನ್ನು ಎತ್ತಿ ಹಿಡಿದು ನೀರು ಹನಿಸಿದಳು. ಅವು ಅವಳ ಕೈಯಲ್ಲೇ ಸತ್ತವು. ಊರಿನಲ್ಲಿ ಬೆಳಗಿನ ಕೂಗು ನಿಂತಿತು. ತವರಿನ ಬೋಳುಕುತ್ತಿಗೆ ಮಾತ್ರ ಏನೂ ಆಗದ ಹಾಗೆ ಅಂಗಳ ಕೆದರುತ್ತಿತ್ತು. ಅದು ಕೆದರುವ ಸದ್ದನ್ನು ಕೇಳಲಾರದೆ ಹುಲಿಗೆವ್ವ ಒಂದು ಮಧ್ಯಾಹ್ನ ಅತ್ತೆಯ ಮುಂದೆ ಕೂತಳು.

“ಅತ್ತೀ, ಅದು ಅಣ್ಣ ಕಳಿಸಿದ್ದಲ್ಲ. ಗಡ್ಯಾಗ ಬಿಟ್ಟಿದ್ರು. ನಾನ ಎತ್ಕೊಂಡು ಬಂದೆ.”

ಫಕೀರವ್ವ ಅಂಗಳದ ಕೋಳಿಯ ಕಡೆಗೆ ತಿರುಗಿದಳು. “ಅರಿಷಿಣ ಹಚ್ಚಿದ್ರೇನು?” ಎಂದಳು.

“ಹಚ್ಚಿದ್ರು. ಹಳ್ಳದಾಗ ತೊಳದೆ.”

“ತೊಳದ್ರ ಹೋಗೂದಲ್ಲವಾ ಅದು,” ಎಂದಳು ಅತ್ತೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಹುಲಿಗೆವ್ವನಿಗೆ ಅನ್ನಿಸಿತು.

ಇಬ್ಬರೂ ಹೋಗಿ ದ್ಯಾಮವ್ವನ ಪೂಜಾರಿ ಯಮನಪ್ಪನಿಗೆ ಹೇಳಿದರು. ಊರು ಕೂಡಿತು. ಅಮ್ಮನನ್ನು ಮುಂದಿನ ಊರಿಗೆ ದಾಟಿಸೋಣವೆಂದರೆ, ಸುದ್ದಿ ತಿಳಿದ ಆ ಊರಿನವರು ಆಗಲೇ ಬಡಿಗೆ ಹಿಡಿದು ತಮ್ಮ ಗಡಿ ಕಾಯುತ್ತಿದ್ದರು. ದಾಟಿಸಲು ಜೀವಂತ ಕೋಳಿ ಬೇಕು. ಊರಿಗೆಲ್ಲ ಉಳಿದದ್ದು ಅದೊಂದೇ. ಯಮನಪ್ಪ ಕೆಟ್ಟವನಲ್ಲ, ಅವನ ಮನೆಯ ಗೂಡೂ ಖಾಲಿಯಾಗಿತ್ತು. “ಎಲ್ಲಿಂದ ತಂದೀಯೋ ಅಲ್ಲೇ ಇಟ್ಟು ಬಾ ಯವ್ವಾ,” ಎಂದ. “ಅದು ನಿನ್ನ ಬೆನ್ನ ಹತ್ತಿ ಬಂತಂದ್ರ, ನೀನೂ ಊರಾಗ ಕಾಲಿಡಂಗಿಲ್ಲ.” ಹುಲಿಗೆವ್ವ ಅತ್ತೆಯ ತೋಳಿನಲ್ಲಿದ್ದ ತನ್ನ ಎಳೆಕೂಸನ್ನು ನೋಡಿದಳು. ಕೋಳಿಗೆ ಅರಿಷಿಣ ಹಚ್ಚಿ ಮೊರ ಎತ್ತಿಕೊಂಡಳು.

ಊರಿನ ಗಂಡಸರು ದಿಬ್ಬದ ಬುಡದಲ್ಲಿ ನಿಂತರು. ಆಚೆ ಬುಡದಲ್ಲಿ ನೆಲವಡಗಿಯವರು, ಅವಳ ಅಣ್ಣನೂ ಸೇರಿ, ತಮ್ಮ ಕಡೆ ಬಾರದಂತೆ ಕಾದು ನಿಂತಿದ್ದರು. ಹುಲಿಗೆವ್ವ ನೆತ್ತಿಯ ಮೇಲೆ ಮೊರ ಇಳಿಸಿ ತಿರುಗಿ ನಡೆದಳು. ಹಿಂದೆ ಚಿಟಿಪಿಟಿ ಹೆಜ್ಜೆ ಕೇಳಿಸಿತು. ಕೋಳಿ ಬೆನ್ನಹತ್ತಿತ್ತು, ಸಾಕಿದ ಕೋಳಿ ಇನ್ನೇನು ಮಾಡೀತು? ಅವಳು ಗದರಿದಳು, ಸೆರಗು ಬೀಸಿದಳು. ಅದು ಎರಡು ಹೆಜ್ಜೆ ಸರಿದು ಮತ್ತೆ ಬಂತು. ಕೊನೆಗೆ ಬಗ್ಗಿ, ಕೈಗೆ ಸಿಕ್ಕ ಬೆಣಚುಕಲ್ಲು ಬಾಚಿ ಅದರ ಕಡೆಗೆ ಎಸೆದಳು. ಕೋಳಿ ಹೆದರಿ ಓಡಲಿಲ್ಲ. ರೆಕ್ಕೆ ಅಗಲಿಸಿ ಕಲ್ಲು ಬಿದ್ದಲ್ಲಿಗೆ ಓಡಿ, ಆಸೆಯಿಂದ ಕುಟುಕತೊಡಗಿತು. ಅವಳ ಕೈಯಿಂದ ಇಲ್ಲಿಯವರೆಗೆ ಬಿದ್ದದ್ದೆಲ್ಲ ಕಾಳೇ ಆಗಿತ್ತು.

ಅವಳು ಇನ್ನೊಮ್ಮೆ ಎಸೆದಳು, ಮತ್ತೊಮ್ಮೆ ಎಸೆದಳು. ಅದು ಪ್ರತಿ ಸಲವೂ ಓಡಿತು, ಏನೂ ಸಿಗದೆ ತಲೆ ಎತ್ತಿ ಅವಳನ್ನು ನೋಡಿತು, ಮರಳಿ ಬಂತು. ಹೊತ್ತು ಇಳಿಯುತ್ತಿತ್ತು. ಮನೆಯ ಕಡೆಯಿಂದ ಕೂಸು ಅತ್ತದ್ದು ಕೇಳಿದಂತಾಗಿ ಅವಳ ಎದೆ ಹಾಲು ಸೋರಿತು. ಆಗ ಹುಲಿಗೆವ್ವ, ಮುಂದೆ ಬದುಕಿದಷ್ಟು ಕಾಲ ನೆನೆದು ಅತ್ತ ಆ ಕೆಲಸವನ್ನು ಮಾಡಿದಳು. ಎರಡೂ ಮುಷ್ಟಿ ಕಲ್ಲು ತುಂಬಿಕೊಂಡು, ತಾಯಿಯ ದನಿಯಲ್ಲಿ “ಬಾ ಬಾ ಬಾ” ಎಂದು ಕರೆದು, ಆದಷ್ಟು ದೂರಕ್ಕೆ ಬೀಸಿದಳು. ಕೋಳಿ ಅತ್ತ ಓಡಿತು. ಅವಳು ಇತ್ತ ಓಡಿದಳು. ಬುಡಕ್ಕೆ ಬಂದು, ನೋಡಬಾರದೆಂದಿದ್ದರೂ ನೋಡಿದಾಗ, ಅದು ಇನ್ನೂ ಕಾಳಿಗಾಗಿ ಕೆದರುತ್ತಲೇ ಇತ್ತಂತೆ.

ಆಮೇಲೆ ಆ ಕೋಳಿ ಏನಾಯಿತೆಂದು ಯಾರಿಗೂ ತಿಳಿಯದು. ಆ ಕಲ್ಲುಗಳೇ ಇವು ಎನ್ನುತ್ತಾರೆ. ಒಬ್ಬ ಹೆಂಗಸು ಎಸೆದ ಕಲ್ಲಿನಿಂದ ದಿಬ್ಬ ತುಂಬೀತೇ ಎಂದು ಕೇಳಿದರೆ ಬಾಳವ್ವಜ್ಜಿ ನುಚ್ಚು ಕೇರಲು ಕೂತುಬಿಡುತ್ತಾಳೆ. ಹುಲಿಗೆವ್ವ ಮತ್ತೆ ಕೋಳಿ ಸಾಕಲಿಲ್ಲ, ಅವಳ ಸೊಸೆಯಂದಿರು ಸಾಕಿದರು. ದಿಬ್ಬ ನೋಡಲು ಬಂದವರು ಕಡ್ಲಿಕೊಪ್ಪದ ಅಂಗಳಗಳಲ್ಲಿ ಇಂದಿಗೂ ಒಂದು ವಿಚಿತ್ರ ನೋಡಬಹುದು. ಅಲ್ಲಿನ ಹೆಂಗಸರು ಕೋಳಿಗೆ ಕಾಳು ಹಾಕುವಾಗ ಒಮ್ಮೆಲೇ ಎಸೆಯುವುದಿಲ್ಲ. ಮೊದಲು ಬಗ್ಗಿ, ಮುಷ್ಟಿ ಬಿಚ್ಚಿ, ಒಳಗಿರುವುದು ಕಾಳೇ ಎಂದು ಕೋಳಿಗಳಿಗೆ ತೋರಿಸುತ್ತಾರೆ.