ಗೌಡರ ಪಟದ ಹಿಂದೆ ಹೂವಿನವಳು

ಹೊಳೆದಂಡೆಯಲ್ಲಿ ಬಿಳಿಗಿರಯ್ಯ ಅಂತ ಒಬ್ಬ ಗುರು. ಮಂತ್ರ ಹೇಳಿಕೊಡೋ ಗುರು ಅಲ್ಲ, ಫೋಟೋ ಮಾಡೋದು ಕಲಿಸೋ ಗುರು. ಶಿಷ್ಯ ಒಬ್ಬನೇ, ಕೆಂಪರಾಜ. ಹಗಲೆಲ್ಲ ಕಿಟಕಿ ಮುಚ್ಚಿದ ಕತ್ತಲೆ ಕೋಣೆಯಲ್ಲಿ ಕೆಂಪು ದೀಪ ಹಚ್ಚಿಕೊಂಡು ಇಬ್ಬರೂ ಫೋಟೋ ತೊಳೆಯುತ್ತಿದ್ದರು. ಊರ ಬಾಯಿಗೆ ಅಷ್ಟೇ ಸಾಕಾಗಿತ್ತು.

ಬಿಳಿಗಿರಯ್ಯ ಕೆಟ್ಟುಹೋದ ಫೋಟೋ ಒಂದನ್ನೂ ಎಸೆದವನಲ್ಲ. ಕಣ್ಣು ಮುಚ್ಚಿದ್ದು, ಮುಖ ಕಪ್ಪಾದದ್ದು, ಎಲ್ಲ ಒಣಗಿಸಿ ಇಡೋದು. ಯಾರಾದರೂ ಕಟ್ಟು ಹಾಕಿಸಲು ಬಂದರೆ ಒಳ್ಳೆ ಫೋಟೋದ ಬೆನ್ನಿಗೆ ಒಂದು ಕೆಟ್ಟದ್ದು ಇಟ್ಟು, ಮೇಲೆ ರಟ್ಟು ಮುಚ್ಚಿ ಮೊಳೆ ಹೊಡೆಯೋದು.

"ಯಾಕೆ ಗುರುಗಳೇ?" ಅಂದ ಶಿಷ್ಯ.

"ಗೋಡೆಯ ತೇವ ಕೆಟ್ಟದ್ದು ಕುಡೀಲಿ. ಒಳ್ಳೇದು ಉಳೀಲಿ."

ಜಿಪುಣ ಮುದುಕನ ಬಾಯಲ್ಲಿ ವೇದಾಂತ ಬೇರೆ, ಅಂತ ಕೆಂಪರಾಜ ಒಳಗೊಳಗೇ ನಕ್ಕ. ನಕ್ಕರೂ ಹಾಗೇ ಮಾಡುತ್ತಿದ್ದ.

ನಾಲ್ಕಾರು ಮಳೆಗಾಲ ಕಳೆದವು. ಪಟೇಲ ಚೆನ್ನಂಜೇಗೌಡರು ಸತ್ತರು. ತಿಥಿ ದಿನ ಹಾರ ಹಾಕೋಣ ಅಂತ ಗೋಡೆ ಮೇಲಿದ್ದ ಅವರ ಪಟ ಇಳಿಸಿದರು. ಕೈ ಜಾರಿತು. ಗಾಜು ಒಡೆಯಿತು, ರಟ್ಟು ಕಿತ್ತುಬಂತು.

ಗೌಡರ ಬೆನ್ನಿಗೆ ಅಂಟಿಕೊಂಡಿದ್ದವಳು ಯಾರು ಅಂತೀರಿ? ಹೂ ಮಾರೋ ದೇವೀರಮ್ಮ! ಅದೂ ಒಂದು ಕಣ್ಣು ತೆರೆದು, ಒಂದು ಕಣ್ಣು ಮುಚ್ಚಿಕೊಂಡು!

ಎಲೆ ಮುಂದೆ ಕೂತವರೆಲ್ಲ ಕತ್ತು ಚಾಚಿದರು.

"ಬದುಕಿದ್ದಾಗಲೇ ಇವಳನ್ನ ಬಚ್ಚಿಟ್ಟುಕೊಂಡಿದ್ದರಲ್ಲಾ!" ಅಂತ ಹೆಂಡತಿ ಪುಟ್ಟನಂಜಮ್ಮ ಎದೆ ಬಡಿದುಕೊಂಡರು.

ಹಿರೀ ಮಗ ಸೀಮೆಎಣ್ಣೆ ಡಬ್ಬ ಎತ್ತಿಕೊಂಡ. "ಇವತ್ತೇ ಅವಳ ಗುಡಿಸಲು ಸುಡ್ತೀನಿ."

ಪಂಕ್ತಿಯಲ್ಲಿದ್ದ ಕೆಂಪರಾಜ ಎಲೆ ಬಿಟ್ಟು ಓಡಿದ.

"ಗುರುಗಳೇ, ಕೆಟ್ಟೆವು! ಗೌಡರ ಪಟ ಒಡೆದು ಹಿಂದಿದ್ದ ದೇವೀರಮ್ಮ ಹೊರಗೆ ಬಂದಳು, ಅವಳ ಗುಡಿಸಲು ಸುಡ್ತಾರಂತೆ. ಆ ಕಟ್ಟು ಹಾಕಿದವನು ನಾನು. ಗೌಡರಿಗೆ ಗೊತ್ತೇ ಇರಲಿಲ್ಲ."

"ಅಲ್ಲೇ ಹೇಳಬಾರದಿತ್ತಾ?"

"ಹೇಳಿದ್ದರೆ ನನ್ನ ಮೂಳೆ ಮುರೀತಿದ್ದರು."

"ಹೇಳದಿದ್ದರೆ?"

ಕೆಂಪರಾಜ ಹೂವಿನವಳ ಗುಡಿಸಲ ಕಡೆ ನೋಡಿದ.

"ಇಕ್ಕಳ ತಗೋ" ಅಂದ ಗುರು.

ಗೌಡರ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಿಳಿಗಿರಯ್ಯ ಜನರನ್ನು ಸರಿಸಿಕೊಂಡು ಒಳಗೆ ನುಗ್ಗಿದ. ಗೋಡೆ ಮೇಲೆ ಉಳಿದಿದ್ದ ಪಟಗಳನ್ನು ಇಳಿಸಿದ. ಮೊಳೆ ಕಿತ್ತ.

ಗೌಡರ ಅವ್ವನ ಬೆನ್ನಿಗೆ ದೋಣಿ ನಡೆಸೋ ಕಾಳ. ಗಂಡಸರ ನೆರಳು ಬಿದ್ದರೂ ಮುಖ ತಿರುಗಿಸುತ್ತಿದ್ದ ಮುದುಕಿ ಅವಳು, ಅಯ್ಯೋ ಶಿವನೇ!

ಹಿರೀ ಮಗನ ಮದುವೆ ಪಟದ ಹಿಂದೆ ಸಾರಾಯಿ ಅಂಗಡಿ ಮುನಿಯಮ್ಮ. ಸೊಸೆ ಗಂಡನ ಕಡೆ ನೋಡಿದ ನೋಟ ಇದೆಯಲ್ಲ, ಸೀಮೆಎಣ್ಣೆಯೇ ಬೇಕಿರಲಿಲ್ಲ.

ಕೊನೆಗೆ ಪುಟ್ಟನಂಜಮ್ಮನವರ ಪಟ. ಅವರು ಓಡಿಬಂದು ಅದನ್ನು ಅಪ್ಪಿಕೊಂಡರು. "ಬೇಡ! ನನ್ನದು ಬಿಚ್ಚಬೇಡಿ!"

ಬಿಚ್ಚಿದ. ಬಳೆಗಾರ ಲಿಂಗಣ್ಣ, ಬಾಯಿ ತುಂಬ ನಗುತ್ತಾ!

ಎಲ್ಲರ ಕಣ್ಣೂ ಗೌಡತಿಯ ಕೈ ಮೇಲೆ ಹೋಯಿತು.

"ಮಾದೇಶ್ವರನಾಣೆ, ನನಗೇನೂ ಗೊತ್ತಿಲ್ಲ!"

"ಗೌಡರಿಗೂ ಗೊತ್ತಿರಲಿಲ್ಲ ತಾಯಿ" ಅಂದ ಬಿಳಿಗಿರಯ್ಯ. ಹಿರೀ ಮಗನ ಕಡೆ ತಿರುಗಿದ. "ಮೊದಲು ಯಾವ ಮನೆಗಪ್ಪಾ ಬೆಂಕಿ?"

ಡಬ್ಬ ನೆಲಕ್ಕೆ ಬಂತು.

ಆಗ ಕೆಂಪರಾಜ ಮುಂದೆ ಬಂದ. "ದೇವೀರಮ್ಮನ ಫೋಟೋ ಇಟ್ಟವನು ನಾನು. ತೇವ ತಡೀಲಿ ಅಂತ ಇಟ್ಟೆ. ಅವಳ ತಪ್ಪೇನೂ ಇಲ್ಲ."

ಹಿರೀ ಮಗ ಅವನ ಕೆನ್ನೆಗೆ ಬಿಟ್ಟ ಏಟು ಹೊಳೆ ಆಚೆಗೆ ಕೇಳಿಸಿರಬೇಕು.

ಪುಟ್ಟನಂಜಮ್ಮ ಕೆಳಗೆ ಬಿದ್ದಿದ್ದ ಹೂವಿನವಳ ಫೋಟೋ ಎತ್ತಿ ತಿರುಗಿಸಿದರು. ಬೆನ್ನೆಲ್ಲ ಬೂಷ್ಟು. ಪಕ್ಕದಲ್ಲಿ ಗೌಡರ ಮುಖ ಮಾತ್ರ ಮದುಮಗನ ಹಾಗೆ ಹೊಳೆಯುತ್ತಿತ್ತು.

"ನಮ್ಮ ಮನೆ ತೇವವನ್ನೆಲ್ಲ ಇವಳೇ ಕುಡಿದಳಾ" ಅಂದರು. ಸೆರಗಿನಲ್ಲಿ ಅದನ್ನು ಒರೆಸಿದರು. ಊರು ಇನ್ನೊಂದು ಸಲ ಕತ್ತು ಚಾಚಿತು.

ಗುರು ಶಿಷ್ಯರು ಹೊಳೆದಂಡೆಗೆ ಬಂದರು. ಕೆಂಪರಾಜ ಕೆನ್ನೆ ಉಜ್ಜಿಕೊಂಡ.

"ಸಾಕು ಗುರುಗಳೇ. ಇನ್ನು ಮೇಲೆ ಕೆಟ್ಟದ್ದನ್ನೆಲ್ಲ ಹೊಳೆಗೆ ಎಸೆದುಬಿಡ್ತೀನಿ."

"ಎಸಿ" ಅಂದ ಬಿಳಿಗಿರಯ್ಯ. "ಕೆಳಗಿನ ಊರಲ್ಲೂ ಗಂಡ ಹೆಂಡಿರು ಇದ್ದಾರೆ."