ಕಾಡತೂಸುಗಳಿಗೆ ಬೆಲ್ಲ ಕೊಟ್ಟ ಬಾಳಪ್ಪ

ಕೇಳ್ರಪ್ಪಾ, ಇದು ನೀಲವ್ವನ ಮಗ ಬಾಳಪ್ಪನ ಸುದ್ದಿ. ಆಳು ಗಟ್ಟಿಮುಟ್ಟು, ಮನಸ್ಸು ಒಳ್ಳೇದು, ಬುದ್ಧಿ ಮಾತ್ರ ಹೇಳಿದಷ್ಟಕ್ಕೇ. ಹಾಲು ಉಕ್ಕೋದನ್ನ ನೋಡ್ತಿರು ಅಂದರೆ ನೋಡ್ತಾ ಕೂರೋನು. ಹಾಲು ಉಕ್ಕಿ, ಒಲೆ ಆರಿ, ಹೊಗೆ ಎದ್ದರೂ ನೋಡ್ತಾನೇ ಇರೋನು. ನಾನು ಕಣ್ಣು ಮುಚ್ಚಿದ ಮೇಲೆ ಇವನ ಗತಿ ಏನು ಅಂತ ನೀಲವ್ವ ಹಣೆ ಹಣೆ ಬಡಕೊಂಡು, ಕಡೆಗೆ ಅವನ ಕೈ ಹಿಡಿದು ಬಂದೂಕು ರಿಪೇರಿ ಮಾಡುವ ಮೋನಪ್ಪನ ಅಂಗಡಿಗೆ ತಂದು ಬಿಟ್ಟಳು.

ಆಗಷ್ಟೇ ದೊಡ್ಡ ಯುದ್ಧ ಮುಗಿದಿತ್ತು. ದಂಡಿನವರು ತಮಗೆ ಬೇಡಾದ ಕಾಡತೂಸು, ಅಂದರೆ ಬಂದೂಕಿನ ತೋಟಾಗಳನ್ನ ಗೋಣಿಗಟ್ಟಲೆ ಮಾರಿದ್ದರು. ಊರ ದೇಸಾಯರು ಅವನ್ನೂ ಕೊಂಡರು, ಜೊತೆಗೊಂದು ಹೊಸ ನಮೂನೆಯ ಬಂದೂಕನ್ನೂ ಕೊಂಡರು. ಬೆರಳಿಂದ ಒಮ್ಮೆ ಕೀಲು ಒತ್ತಿದರೆ ಸಾಕು, ಒಂದು ಗುಂಡು ಹಾರಿಸಿ, ಖಾಲಿ ಕೊಳವೆ ತಾನೇ ಉಗುಳಿ, ಮುಂದಿನದನ್ನ ತಾನೇ ನುಂಗುವ ಬಂದೂಕು. ಆದರೆ ಹಳೇ ಮದ್ದು ಸತ್ವ ಕಳಕೊಂಡಿತ್ತು. ಕಾಡತೂಸು ಬಿಚ್ಚಿ, ಹಿತ್ತಾಳೆ ಕೊಳವೆ ತೊಳೆದು, ಹೊಸ ಮದ್ದು ತುಂಬೋದು ಮೋನಪ್ಪನ ಕೆಲಸ. ಎಷ್ಟು ಜೋಪಾನ ಮಾಡಿದರೂ ಬಂದೂಕು ನಡುವೆ ಕಚ್ಚಿಕೊಂಡು ನಿಲ್ಲುತ್ತಿತ್ತು. ಸೋಮವಾರ ನಮ್ಮ ಬೀಗರು ಬರ್ತಾರೆ, ಅವರ ಮುಂದೆ ಬಂದೂಕು ನಿಂತುಹೋದರೆ ಈ ಕೆಲಸ ಬೇರೆಯವರಿಗೆ ಅಂತ ದೇಸಾಯರು ಹೇಳಿಬಿಟ್ಟಿದ್ದರು.

ಮೊದಲ ದಿನ ಮೋನಪ್ಪ, ಕೊಳವೆ ತುಂಬೋಕೆ ಮುಂಚೆ ಬೋರಲು ಹಾಕಿ ತಟ್ಟಬೇಕು, ಹಳೇದು ಒಂದು ಚೂರೂ ಒಳಗೆ ಇರಬಾರದು ಅಂತ ಹೇಳಿಕೊಟ್ಟ. ಬಾಳಪ್ಪ ದಿನವೆಲ್ಲ ತಟ್ಟಿದ. ಸಂಜೆ ಮನೆಗೆ ಬಂದರೆ ನೀಲವ್ವ ತಳದಲ್ಲಿ ಹೆಪ್ಪು ಇದ್ದ ಗಡಿಗೆ ತೋರಿಸಿ, ಇದಕ್ಕೆ ಹಾಲು ಹಾಕು ಅಂದಳು. ಬಾಳಪ್ಪ ಗಡಿಗೆ ಬೋರಲು ಹಾಕಿದ, ತಟ್ಟಿದ, ಹೆಪ್ಪೆಲ್ಲ ನೆಲಕ್ಕೆ ಚೆಲ್ಲಿದ ಮೇಲೆ ಹಾಲು ಹಾಕಿದ. ತಳದಾಗಿನ ಹಳೇದನ್ನ ಹಂಗೇ ಬಿಟ್ಟು ಹೊಸದು ಹಾಕಬೇಕೋ ಹುಚ್ಚಪ್ಪಾ ಅಂತ ನೀಲವ್ವ ಬೈದಳು.

ಸರಿ ಅಂದ ಬಾಳಪ್ಪ. ಮಾರನೇ ದಿನ ಕೊಳವೆಗಳ ತಳದಲ್ಲಿದ್ದ ಮಣ್ಣು, ತುಕ್ಕು, ಸತ್ತ ಇರುವೆ ಎಲ್ಲ ಹಂಗೇ ಬಿಟ್ಟ. ಮೋನಪ್ಪನ ಕಣ್ಣಿಗೆ ಬಿತ್ತು, ಬೈಗುಳವೂ ಬಿತ್ತು. ಇನ್ನು ನೀನು ತುಂಬೋದು ಬೇಡ, ಆರಿಸೋದು ಸಾಕು ಅಂತ ಒಂದು ತೂತಿನ ಹಿತ್ತಾಳೆ ಪಟ್ಟಿ ಕೈಗಿಟ್ಟ. ತೂತಿನೊಳಗೆ ಸರಾಗವಾಗಿ ಹೋದ ಕೊಳವೆ ಒಳಗೆ, ಕೂದಲೆಳೆಯಷ್ಟು ದಪ್ಪ ಇದ್ದರೂ ಹೊರಗೆ ಅಂದ.

ಅದೇ ಸಂಜೆ ಬಾಳಪ್ಪನಿಗೆ ಹೆಣ್ಣು ಕೊಡೋ ಮಾತಿಗೆ ಬೈಲೂರಿನ ನೆಂಟರು ಬಂದರು. ನೀಲವ್ವ ಒಲೆಯ ಮುಂದಿದ್ದಳು, ಬಾಗಿಲಲ್ಲಿ ಬಾಳಪ್ಪ. ಹುಡುಗಿಯ ತಾಯಿ ಸರಾಗವಾಗಿ ಒಳಗೆ ಬಂದಳು, ಅಣ್ಣ ಬಂದ. ಹುಡುಗಿಯ ಅಪ್ಪ ಮಾತ್ರ ಅಡ್ಡಡ್ಡ ತಿರುಗಿ ನುಗ್ಗಬೇಕಾಯಿತು. ಬಾಳಪ್ಪ ಅವನ ಎದೆಗೆ ಕೈ ಕೊಟ್ಟು, ನೀವು ದಪ್ಪ ಅದೀರಿ, ಹೊರಗ ಇರ್ರಿ ಅಂದುಬಿಟ್ಟ. ನೆಂಟರು ಎದ್ದು ಹೋದರು. ಆ ರಾತ್ರಿ ನೀಲವ್ವ ಬೈಯಲಿಲ್ಲ, ಅತ್ತಳು. ಅವ್ವ ಅತ್ತದ್ದು ನೋಡಿ ಬಾಳಪ್ಪನಿಗೆ ಊಟ ಸೇರಲಿಲ್ಲ.

"ಅಳಬ್ಯಾಡವ್ವ," ಅಂದ. "ಹೆಂಗ ಮಾಡಬೇಕಿತ್ತು ಹೇಳು, ಹಂಗ ಮಾಡ್ತೀನಿ."

"ದಪ್ಪ ಇದ್ದವರನ್ನ ಒಳಗ ಕರದು, ಚಾಪಿ ಮ್ಯಾಲ ಕುಂದ್ರಿಸಿ, ಬೆಲ್ಲ-ನೀರು ಕೊಡಬೇಕಪ್ಪಾ. ಅವರು ಬೆಲ್ಲ ತಿನ್ನೋತನಕ ಏಳಗೊಡಬಾರದು," ಅಂದಳು ನೀಲವ್ವ.

ಸೋಮವಾರ ಬಂತು. ಮೋನಪ್ಪ ತುಂಬಿಟ್ಟ ಕಾಡತೂಸುಗಳನ್ನೆಲ್ಲ ಪೆಟ್ಟಿಗೆಗೆ ಹಾಕು, ಆಳು ಬಂದು ಒಯ್ತಾನೆ ಅಂತ ಹೇಳಿ ದೇಸಾಯರ ವಾಡೆಗೆ ಮುಂದಾಗಿ ಹೋದ. ಬಾಳಪ್ಪ ಒಂದೊಂದನ್ನೂ ಪಟ್ಟಿಯ ತೂತಿಗೆ ಹಾಕಿ ನೋಡಿದ. ಸಣ್ಣವು ಪೆಟ್ಟಿಗೆಗೆ ಹೋದವು. ದಪ್ಪ ಇದ್ದವನ್ನ ಮರ್ಯಾದೆಯಿಂದ ಒಳಗೆ ಕರಕೊಂಡು ಹೋದ.

ವಾಡೆಯ ಹಿಂದಿನ ಮಣ್ಣಿನ ದಿಬ್ಬಕ್ಕೆ ದೇಸಾಯರು ಗುರಿ ಹಿಡಿದರು. ಬಂದೂಕು ಉಗುಳಿತು, ನುಂಗಿತು, ಉಗುಳಿತು, ನುಂಗಿತು. ಪೆಟ್ಟಿಗೆ ಬರಿದಾಗೋತನಕ ಒಮ್ಮೆಯೂ ಕಚ್ಚಿಕೊಳ್ಳಲಿಲ್ಲ. ಬೀಗರು ತಲೆದೂಗಿದರು. ದೇಸಾಯರು ಮೋನಪ್ಪನ ಬೆನ್ನು ತಟ್ಟಿ, ಇನ್ನು ಈ ಕೆಲಸ ಎಂದೆಂದಿಗೂ ನಿನ್ನದೇ ಅಂದರು.

ಮೋನಪ್ಪ ಹಿಗ್ಗಿನಿಂದ ಅಂಗಡಿಗೆ ಬಂದು ನೋಡುತ್ತಾನೆ, ಒಳಗೆ ಚಾಪೆಯ ಮೇಲೆ ಸಾಲಾಗಿ ಕಾಡತೂಸುಗಳು ಕೂತಿವೆ. ಒಂದೊಂದರ ಮುಂದೂ ಒಂದೊಂದು ಬೆಲ್ಲದ ಚೂರು. ಪಕ್ಕದಲ್ಲಿ ಬಾಳಪ್ಪ ಇರುವೆ ಓಡಿಸುತ್ತಾ ಕೂತಿದ್ದಾನೆ.

"ಇವು ದಪ್ಪನ್ನವು ಮಾಮಾ," ಅಂದ ಬಾಳಪ್ಪ. "ಇನ್ನೂ ಬೆಲ್ಲ ಮುಟ್ಟಿಲ್ಲ. ಹೆಂಗ ಎಬ್ಬಿಸಲಿ?"

ಮೋನಪ್ಪನಿಗೆ ಆಗ ತಿಳೀತು. ಇಷ್ಟು ದಿನ ಬಂದೂಕಿನ ಗಂಟಲಿಗೆ ಸಿಕ್ಕುತ್ತಿದ್ದವು ಇವೇ. ತುಂಬಿದ ಮೇಲೆ ಮತ್ತೊಮ್ಮೆ ತೂತಿಗೆ ಹಾಕಿ ನೋಡೋಕೆ ಬೇಸರಪಟ್ಟು ಅವನು ಕಣ್ಣಳತೆಯಲ್ಲೇ ಬಿಡುತ್ತಿದ್ದ. ನಕ್ಕ, ನಕ್ಕು ನಕ್ಕು ಕಣ್ಣು ಒರೆಸಿಕೊಂಡ. ಬಾಳಪ್ಪನ ಹೆಗಲ ಮೇಲೆ ಕೈಯಿಟ್ಟು, "ನನಗ ವಯಸ್ಸಾತು. ನಾಳಿಂದ ಈ ಅಂಗಡಿ ನಿನ್ನ ತಲಿ ಮ್ಯಾಲ ನೋಡಪಾ," ಅಂದ.

ಸುದ್ದಿ ಕೇಳಿದ ನೀಲವ್ವ ದೇವರಿಗೆ ದೀಪ ಹಚ್ಚಿದಳು. ಬಹಳ ದಿನದ ಮೇಲೆ ಕಣ್ತುಂಬ ನಿದ್ದೆ ಮಾಡಿದಳು.

ಬೆಳಿಗ್ಗೆ ಎದ್ದು ಅಂಗಳ ಗುಡಿಸುತ್ತಿದ್ದಾಳೆ, ಓಣಿಯ ತುದಿಯಿಂದ ಬಾಳಪ್ಪ ಬರುತ್ತಿದ್ದಾನೆ. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಅಂಗಡಿಯ ಬಾಗಿಲು, ಬಾಗಿಲ ಮೇಲೆ ಬೋರ್ಡು. ಬೆವರು ಸುರಿಯುತ್ತಿದೆ, ಮುಖ ಅರಳಿದೆ.

"ಇದೇನೋ ಬಾಳಾ?"

"ಅಂಗಡಿ ಇನ್ನ ನನ್ನ ತಲಿ ಮ್ಯಾಲ ಅಂತವ್ವ," ಅಂದ ಬಾಳಪ್ಪ. "ಬಾಗಲಾ ಬಂತು, ಬೋರ್ಡು ಬಂತು. ಇನ್ನ ಗ್ವಾಡಿ ಹೊರಾಕ ಈ ಸಿಂಬಿ ಸಾಲೋದಿಲ್ಲ. ನಿಂದೊಂದು ಹಳೇ ಸೀರಿ ಕೊಡು."