ಮುಂಗುಸಿ ತನ್ನ ಹೆಸರು ಕಡ ಕೊಟ್ಟದ್ದು

ಜಗತ್ತು ಆಗ ಹೊಚ್ಚ ಹೊಸದು. ಬೆಟ್ಟಗಳಿಗೆ ಕೂತು ಅಭ್ಯಾಸವಿರಲಿಲ್ಲ, ಹೊಳೆಗಳಿಗೆ ದಾರಿ ಗೊತ್ತಿರಲಿಲ್ಲ. ಮುಂಗುಸಿಗೆ ಮಾತ್ರ ಆಗಲೇ ಹೆಸರಿತ್ತು.

ನಿನ್ನ ಇಂಗ್ಲಿಷ್ ಪುಸ್ತಕದಲ್ಲಿರುವ ‘ಮಂಗೂಸ್’ ಅರ್ಧ ಮಂಗ, ಅರ್ಧ ‘ಗೂಸ್’, ಅಂದರೆ ಹೆಬ್ಬಾತು, ಅಂದುಕೊಂಡೆಯಾ ಇಂದೂ? ಅಯ್ಯೋ ಪುಟ್ಟೀ, ಅದು ನಮ್ಮ ಮುಂಗುಸಿಯೇ. ಈ ಅಜ್ಜಿ ಹೇಳುತ್ತಾಳೆ, ಕೇಳು.

ಹಾವು ಬಂತೆಂದರೆ ಹಕ್ಕಿಗಳು “ಮುಂಗುಸೀ!” ಎಂದು ಕೂಗುತ್ತಿದ್ದವು. ಮುಂಗುಸಿ ಓಡಿ ಬರುತ್ತಿತ್ತು. ಹಾವು ಓಡಿ ಹೋಗುತ್ತಿತ್ತು.

ಒಂದು ದಿನ ಕಡಲ ಗಾಳಿ ಬಂತು. “ಕಡಲಾಚೆಯ ಜನಕ್ಕೆ ನಿನ್ನ ಸಾಹಸವೆಲ್ಲ ಗೊತ್ತು, ಹೆಸರೊಂದು ಗೊತ್ತಿಲ್ಲ. ಸ್ವಲ್ಪ ಕಡ ಕೊಡು ಮಾರಾಯ, ತೋರಿಸಿ ತಂದುಬಿಡುತ್ತೇನೆ,” ಎಂದಿತು.

ಹೊಗಳಿಕೆಗೆ ಮುಂಗುಸಿ ಉಬ್ಬಿಹೋಯಿತು. ಕೊಟ್ಟೇಬಿಟ್ಟಿತು, ಪೆದ್ದು!

ಇನ್ನು ನಾನೂ ಅದರ ಹೆಸರು ಹೇಳುವಂತಿಲ್ಲ. ಗಾಳಿ ಒಯ್ದಾಯಿತಲ್ಲ.

ಅಷ್ಟರಲ್ಲಿ ನಾಗರಹಾವು ಗೌಜಲಹಕ್ಕಿಯ ಗೂಡಿನತ್ತ ಹರಿದು ಬಂತು. ಗೂಡು ನೆಲದ ಮೇಲೆ. ಗೂಡಿನ ತುಂಬ ಮೊಟ್ಟೆ. ಹಕ್ಕಿ ಬಾಯಿ ತೆರೆಯಿತು. ಕರೆಯೋಣವೆಂದರೆ ಹೆಸರೇ ಇಲ್ಲ!

“ರೀ... ಬನ್ರೀ!” ಎಂದು ಕೂಗಿಕೊಂಡಿತು.

ಕಾಡಿನ ಗಂಡಂದಿರೆಲ್ಲ, ತಂತಮ್ಮ ಹೆಂಡತಿಯೇ ಕರೆದಳೆಂದು ತಿರುಗಿ ನೋಡಿದರು. ಬರಬೇಕಾದದ್ದಕ್ಕೆ ಮದುವೆಯೇ ಆಗಿರಲಿಲ್ಲ. ಅದು ಕದಲಲಿಲ್ಲ.

“ಅಜ್ಜೀ, ಮೊಟ್ಟೆ ಹೋದವಾ?”

ತಾಳು ಮಗಾ. ಹಕ್ಕಿ ಮತ್ತೆ ಕೂಗಿತು. ಈ ಸಲ ಕೂಗಿನಲ್ಲಿ ಅಳು ಇತ್ತು. ಅಳುವಿಗೆ ಹೆಸರು ಬೇಕೇ? ಆ ಹೆಸರಿಲ್ಲದ ಪ್ರಾಣಿ ಹಿಂಗಾಲ ಮೇಲೆ ಎದ್ದು ನಿಂತು ಸುತ್ತ ನೋಡಿತು. ಹುಲ್ಲು ಅಲುಗಿದ್ದು ಕಂಡಿತು. ಒಂದೇ ನೆಗೆತ! ಹಾವು ಬದುಕಿದೆಯಾ ಬಡಜೀವವೇ ಎಂದು ಬಿಲ ಸೇರಿತು. ಮೊಟ್ಟೆಗಳೆಲ್ಲ ಉಳಿದವು.

ಆಗ ಬಂತು ಗಾಳಿ. “ತಗೋ ನಿನ್ನ ಹೆಸರು. ಮಂಗೂಸ್!”

“ಇದೇನಿದು? ನನ್ನ ‘ಇ’ ಎಲ್ಲಿ?”

“ಅಲ್ಲಿಯವರಿಗೆ ನಾಲಿಗೆ ತಿರುಗಲಿಲ್ಲಪ್ಪ,” ಎಂದು ಗಾಳಿ ತಲೆ ತಗ್ಗಿಸಿತು.

“ಆ ಮುರುಕು ಅವರಿಗೇ ಇರಲಿ,” ಎಂದಿತು ಗೌಜಲಹಕ್ಕಿ. “ನನ್ನ ಗಂಟಲಲ್ಲಿ ‘ಇ’ಗೇನು ಬರವೇ?” ಎನ್ನುತ್ತಾ ಕಾಡೆಲ್ಲ ಕೇಳುವಂತೆ “ಮುಂಗುಸೀ!” ಎಂದು ಹಾಡಿತು. ಮುಂಗುಸಿಗೆ ಕಣ್ಣು ತುಂಬಿ ಬಂತು.

“ಇನ್ನು ಯಾರಾದರೂ ಕರೆಯಲಿ ಎಂದು ನಾನು ಕಾಯುವುದಿಲ್ಲ,” ಎಂದಿತು.

ಅದಕ್ಕೇ ಕಡಲಾಚೆಯವರು ಇವತ್ತಿಗೂ ಮಂಗೂಸ್ ಎನ್ನುತ್ತಾರೆ. ನಮ್ಮ ಬೇಲಿ ಪಕ್ಕದ ಮುಂಗುಸಿ, ಯಾರೂ ಕರೆಯದಿದ್ದರೂ, ಹಿಂಗಾಲ ಮೇಲೆ ಎದ್ದು ನಿಂತು ಸುತ್ತ ನೋಡಿಯೇ ಮುಂದೆ ಹೋಗುತ್ತದೆ.